ವಾಯುಸಾಗರದ ಉಬ್ಬರವಿಳಿತ ಕಂಡ ಕರ್ನಲ್ ಸೈಕ್ಸ್

ಕ್ರಿ. ಶ. 1824ರ ಅಕ್ಟೋಬರ್ ತಿಂಗಳು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಪ್ರಾಂತದಲ್ಲಿ ಶಾಲೆಯ ಮಕ್ಕಳಿಗೂ ನೆನಪಿರುವ ತಿಂಗಳು. ಆ ತಿಂಗಳ 23ರಂದು ಕಿತ್ತೂರಿನ ಕೋಟೆಯ ಮುಂದೆ ರಾಣಿ ಚೆನ್ನಮ್ಮನ ಸೈನ್ಯವು ಕಂಪನಿ ಸರಕಾರದ ದಂಡನ್ನು ಮುರಿದು, ಧಾರವಾಡದ ಕಲೆಕ್ಟರ ಥ್ಯಾಕರೆಯನ್ನು ರಣದಲ್ಲಿ ಕೆಡಹಿತು. ಅದೇ ಅಕ್ಟೋಬರದಲ್ಲಿ ಮುಂಬಯಿಯ ಗವರ್ನರ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಸಾಹೇಬರು ಮೂವತ್ತನಾಲ್ಕು ವರ್ಷದ ಒಬ್ಬ ಸೇನಾಧಿಕಾರಿಗೆ ತೀರ ಬೇರೆಯೇ ಬಗೆಯ ಕೆಲಸವೊಂದನ್ನು ಒಪ್ಪಿಸಿದರು. ಪೇಶವೆಯರಿಂದ ಹೊಸತಾಗಿ ಕಂಪನಿಯ ಕೈಗೆ ಬಂದ ದಖನ್ ಸೀಮೆಯ ಜನಸಂಖ್ಯೆ, ಭೂಮಿ, ಬೆಳೆ, ಕಂದಾಯ, ಪ್ರಾಣಿಪಕ್ಷಿ, ಹವೆ ಇವೆಲ್ಲವನ್ನೂ ಎಣಿಸಿ ಅಳೆದು ಬರೆದಿಡುವ ಅಂಕಿಸಂಖ್ಯೆಯ ವರದಿಗಾರನ ಹುದ್ದೆ ಅದು. ಆ ಅಧಿಕಾರಿಯೇ ವಿಲಿಯಂ ಹೆನ್ರಿ ಸೈಕ್ಸ್.

ಎಣಿಕೆಯ ಉದ್ದೇಶ ಗುಪ್ತವಾದುದೇನಲ್ಲ. ಗೆದ್ದ ನಾಡಿನಿಂದ ಎಷ್ಟು ಕಂದಾಯ ಹುಟ್ಟೀತೆಂಬುದು ಕಂಪನಿಗೆ ತಿಳಿಯಬೇಕಾಗಿತ್ತು. ಸೈಕ್ಸರು ಆ ಕಂಪನಿಯ ಸೇವಕರು, ಅದರ ಖಡ್ಗವನ್ನು ಹಿಡಿದವರು. ಈ ಸಂಗತಿಯನ್ನು ಮರೆಮಾಡಿ ಅವರ ಜೀವನವನ್ನು ಹೇಳಲಾಗದು. ಆದರೆ ಆ ಲೆಕ್ಕದ ಕಾಗದಗಳ ನಡುವೆಯೇ, ಯಾವ ಸರಕಾರಕ್ಕೂ ಒಂದು ಕಾಸಿನ ಲಾಭವಿಲ್ಲದ ಇನ್ನೊಂದು ಲೆಕ್ಕವನ್ನು ಅವರು ವರ್ಷಗಟ್ಟಲೆ ಬರೆಯುತ್ತ ಹೋದರು. ಅದು ತಲೆಯ ಮೇಲಿನ ಗಾಳಿಯ ತೂಕದ ಲೆಕ್ಕ.

ಸೈಕ್ಸರು ಹುಟ್ಟಿದುದು 1790ರ ಜನವರಿ 25ರಂದು, ಇಂಗ್ಲೆಂಡಿನ ಯಾರ್ಕ್‌ಶೈರಿನ ಮನೆತನದಲ್ಲಿ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿಯೇ ಮುಂಬಯಿ ಸೈನ್ಯವನ್ನು ಸೇರಿದರು. ಇಂದು ಆ ವಯಸ್ಸಿನ ಮಕ್ಕಳು ಎಂಟನೆಯ ಇಯತ್ತೆಯಲ್ಲಿರುತ್ತಾರೆ. 1805ರಲ್ಲಿ ಭರತಪುರದ ಮುತ್ತಿಗೆಯಲ್ಲಿದ್ದರು. 1810ರ ಹೊತ್ತಿಗೆ ಹಿಂದುಸ್ತಾನಿ ಮತ್ತು ಮರಾಠಿ ಭಾಷೆಗಳಲ್ಲಿ ಪರೀಕ್ಷೆ ಕೊಟ್ಟು ದುಭಾಷಿಯ ಅರ್ಹತೆ ಪಡೆದರು. 1817ರಲ್ಲಿ ಖಡಕಿ ಮತ್ತು ಪುಣೆಯ ಕದನಗಳಲ್ಲಿ ದೇಶೀ ಸಿಪಾಯಿಗಳ ಮುಂದಾಳಾಗಿ ಹೋರಾಡಿದರು. 1820ರಲ್ಲಿ ರಜೆಯ ಮೇಲೆ ಹೋಗಿ ನಾಲ್ಕು ವರ್ಷ ಯುರೋಪಿನಲ್ಲಿ ತಿರುಗಾಡಿ ಮರಳಿ ಬಂದಾಗ ಈ ಹೊಸ ಕಾರ್ಯ ಅವರ ಪಾಲಿಗೆ ಬಂದಿತು.

ಅವರು ವರದಿ ಬರೆದ ದಖನ್ ಸೀಮೆಯು ಆಗ ನಾಲ್ಕು ಕಲೆಕ್ಟರರ ಆಡಳಿತದಲ್ಲಿತ್ತು. ಪುಣೆ, ಅಹಮದನಗರ, ಖಾನದೇಶ ಮತ್ತು ಧಾರವಾಡ. ಬೆಳಗಾವಿಯು ಧಾರವಾಡದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದುದು 1836ರಲ್ಲಿ. ರಾಮದುರ್ಗವಂತೂ ಸಂಸ್ಥಾನವಾಗಿಯೇ ಉಳಿದಿತ್ತು. ಸೈಕ್ಸರ ನಾಲ್ಕು ಕಲೆಕ್ಟರಿಗಳ ವರದಿ 1837ರಲ್ಲಿ ಬ್ರಿಟಿಷ್ ವಿಜ್ಞಾನ ಸಂಘದ ಪುಟಗಳಲ್ಲಿ ಅಚ್ಚಾಯಿತು.

ಅವರ ಡೇರೆಯಲ್ಲಿ ಬಂದೂಕಿನ ಜೊತೆಗೆ ವಾಯುಭಾರಮಾಪಕವೂ ಇತ್ತು. ಅದು ಸರಳವಾದ ಸಾಧನ. ಸುಮಾರು ಒಂದು ಗಜ ಉದ್ದದ, ಒಂದು ತುದಿ ಮುಚ್ಚಿದ ಗಾಜಿನ ಕೊಳವೆಯ ತುಂಬ ಪಾದರಸವನ್ನು ತುಂಬಿ, ಪಾದರಸದ ಬಟ್ಟಲಿನಲ್ಲಿ ಬೋರಲು ಹಾಕಿದರೆ ಕೊಳವೆಯ ಪಾದರಸವು ಪೂರ್ತಿ ಕೆಳಗಿಳಿಯದೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಬಟ್ಟಲಿನ ಮೇಲೆ ಗಾಳಿಯು ಒತ್ತುತ್ತಿರುವುದೇ ಇದಕ್ಕೆ ಕಾರಣ. ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಆಕಾಶದ ಕೊನೆಯವರೆಗೆ ಎದ್ದು ನಿಂತ ಗಾಳಿಯ ಕಂಬದ ತೂಕ ಸುಮಾರು ಒಂದು ಕಿಲೋಗ್ರಾಂ. ಮನುಷ್ಯನು ವಾಯುಸಾಗರದ ತಳದಲ್ಲಿ ಬದುಕುತ್ತಾನೆಂದು ಮಕ್ಕಳಿಗೆ ಹೇಳುವುದು ಅಲಂಕಾರದ ಮಾತಲ್ಲ, ಅಳೆದು ತೋರಿಸಬಹುದಾದ ಸಂಗತಿ. ಸಮುದ್ರದ ದಂಡೆಯಲ್ಲಿ ಪಾದರಸ 760 ಮಿಲಿಮೀಟರಿನ ಹತ್ತಿರ ನಿಲ್ಲುತ್ತದೆ. ಸುಮಾರು 700 ಮೀಟರು ಎತ್ತರದ ಬಯಲಿನಲ್ಲಿ ಅದು 700ರ ಆಸುಪಾಸಿಗೆ ಇಳಿಯುತ್ತದೆ. ಸವದತ್ತಿಯ ಬಯಲಿನಿಂದ ಯಲ್ಲಮ್ಮನ ಗುಡ್ಡದ ಕಡೆಗೆ ಅದನ್ನು ಹೊತ್ತು ನಡೆದರೆ, ನೂರು ಮೀಟರು ಏರಿದಂತೆ ಪಾದರಸ ಎಂಟು ಮಿಲಿಮೀಟರಿನಷ್ಟು ತಗ್ಗುತ್ತದೆ. ಏರಿದವನು ಅಷ್ಟು ಗಾಳಿಯನ್ನು ಕಾಲ ಕೆಳಗೆ ಬಿಟ್ಟು ಬಂದಿರುತ್ತಾನೆ.

ಗಾಜಿನ ಕೊಳವೆ ಎತ್ತಿನ ಬಂಡಿಯ ಪ್ರಯಾಣಕ್ಕೆ ಒಗ್ಗುವಂತಹುದಲ್ಲ. ಒಡೆದರೆ ಹೊಸದು ಹಡಗಿನಲ್ಲಿ ಬರಬೇಕು. ಸೈಕ್ಸರು ಇದಕ್ಕೆ ಬಡವರ ಉಪಾಯವೊಂದನ್ನು ಆಶ್ರಯಿಸಿ, 1838ರಲ್ಲಿ ಲಂಡನ್ನಿನ ರಾಯಲ್ ಭೂಗೋಳ ಸಂಘದ ಪತ್ರಿಕೆಯಲ್ಲಿ ಅದರ ವಿಷಯವಾಗಿ ಬರೆದರು. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ಕಡಿಮೆಯಾಗಿ ನೀರು ಕಡಿಮೆ ಕಾವಿನಲ್ಲಿಯೇ ಕುದಿಯುತ್ತದೆ. ಆದುದರಿಂದ ಪಾತ್ರೆಯಲ್ಲಿ ನೀರನ್ನು ಕುದಿಸಿ, ಸಾಧಾರಣ ಉಷ್ಣತಾಮಾಪಕವನ್ನು ಹಿಡಿದರೆ ಊರಿನ ಎತ್ತರ ಸಿಕ್ಕುತ್ತದೆ. ಸುಮಾರು 300 ಮೀಟರಿಗೆ ಒಂದು ಸೆಂಟಿಗ್ರೇಡ್ ಡಿಗ್ರಿ ಎಂಬುದು ಸ್ಥೂಲ ಲೆಕ್ಕ. ಕಿತ್ತೂರು ಬೈಲಹೊಂಗಲಗಳ ಅಡಿಗೆಮನೆಯಲ್ಲಿ ನೀರು 100 ಡಿಗ್ರಿಗಲ್ಲ, 98ರ ಸಮೀಪದಲ್ಲಿ ಕುದಿಯುತ್ತದೆ. ಪಠ್ಯಪುಸ್ತಕದ ನೂರನ್ನು ಕಾಣದ ವಿದ್ಯಾರ್ಥಿಯು ತನ್ನ ಮಾಪಕವೇ ಕೆಟ್ಟಿತೆಂದು ಹೆದರುವುದುಂಟು. ಅವನ ಮಾಪಕ ಸರಿಯಾಗಿಯೇ ಇರುತ್ತದೆ.

ಸೈಕ್ಸರ ಹೆಸರನ್ನು ವಿಜ್ಞಾನದಲ್ಲಿ ಉಳಿಸಿದುದು ಎತ್ತರದ ಅಳತೆಯಲ್ಲ. ಒಂದೇ ಜಾಗದಲ್ಲಿ ಕುಳಿತು, ಗಂಟೆಗಂಟೆಗೆ ಪಾದರಸವನ್ನು ನೋಡಿದ ಅವರ ತಾಳ್ಮೆ. ಬೆಳಗಾದ ಮೇಲೆ ಪಾದರಸವು ಮೆಲ್ಲನೆ ಏರುತ್ತ 9-10 ಗಂಟೆಗೆ ತುದಿ ಮುಟ್ಟುತ್ತದೆ. ಅನಂತರ ಇಳಿಯುತ್ತ ಸಂಜೆ 4-5ರ ಹೊತ್ತಿಗೆ ತಳ ಕಾಣುತ್ತದೆ. ಮತ್ತೆ ಏರಿ ರಾತ್ರಿ 10ರ ಮೇಲೆ ಇನ್ನೊಂದು ತುದಿ, ನಸುಕಿನ ನಾಲ್ಕರ ಮೇಲೆ ಇನ್ನೊಂದು ತಳ. ಏರಿಳಿತದ ಒಟ್ಟು ಅಳತೆ ಎರಡು ಮೂರು ಮಿಲಿಮೀಟರು ಮಾತ್ರ, ಒಂದು ಜೋಳದ ಕಾಳಿನ ದಪ್ಪಕ್ಕಿಂತಲೂ ಕಡಿಮೆ. ಕಡಲಿನ ನೀರು ದಿನಕ್ಕೆ ಎರಡು ಸಲ ಉಬ್ಬಿ ಇಳಿಯುವಂತೆ ಗಾಳಿಯ ಕಡಲೂ ದಿನಕ್ಕೆ ಎರಡು ಸಲ ಉಬ್ಬಿ ಇಳಿಯುತ್ತಿತ್ತು.

ಈ ಸಂಗತಿಯನ್ನು ಜಗತ್ತಿನಲ್ಲಿ ಮೊದಲು ಕಂಡವರು ಸೈಕ್ಸರಲ್ಲ. ಅಲೆಕ್ಸಾಂಡರ್ ಫಾನ್ ಹುಂಬೋಲ್ಟರು ದಕ್ಷಿಣ ಅಮೇರಿಕದಲ್ಲಿ ಅದನ್ನು ಆಗಲೇ ನೋಡಿ ಬರೆದಿದ್ದರು. ಆದರೆ ಮುಂಗಾರಿನ ನಾಡಿನಲ್ಲಿ ಈ ನಿಯಮ ನಿಲ್ಲುವುದೇ? ಬಿರುಗಾಳಿ, ಗುಡುಗು, ವಾರಗಟ್ಟಲೆಯ ಜಿಟಿಜಿಟಿ ಮಳೆ ಇಷ್ಟೊಂದು ನಾಜೂಕಾದ ಏರಿಳಿತವನ್ನು ಅಳಿಸಿಹಾಕದೆ ಇರುವುದೇ? ಈ ಸಂದೇಹ ಸಹಜವಾದುದು. ಇದನ್ನು ಪರಿಹರಿಸಲು ವರ್ಷಾನುಗಟ್ಟಲೆ, ಎಲ್ಲ ಋತುಗಳಲ್ಲಿ, ತಾವೇ ಎದ್ದು ಕುಳಿತು ನೋಡುವುದರ ಹೊರತು ಬೇರೆ ದಾರಿ ಇರಲಿಲ್ಲ. ಸೈಕ್ಸರು ಸ್ವಂತ ಕಣ್ಣಿನಿಂದ ತೆಗೆದುಕೊಂಡ ಸಾವಿರಾರು ಅಳತೆಗಳಲ್ಲಿ ಒಂದೇ ಒಂದು ದಿನವೂ ಬೆಳಗಿನ ಏರಿಕೆ ಮತ್ತು ಸಂಜೆಯ ಇಳಿತ ತಪ್ಪಿರಲಿಲ್ಲ. ಮಳೆ ಬಂದರೂ ಬಾರದಿದ್ದರೂ, ಕಾವು ಹೆಚ್ಚಿದ್ದರೂ ಕಡಿಮೆಯಿದ್ದರೂ ಗಾಳಿಯ ಕಡಲು ತನ್ನ ವೇಳೆಯನ್ನು ಬಿಟ್ಟಿರಲಿಲ್ಲ. ಯುರೋಪಿನಲ್ಲಿ ಇದು ಸುಲಭವಾಗಿ ಕಾಣದು. ಅಲ್ಲಿ ಈ ಏರಿಳಿತ ಸಣ್ಣದು, ಬಂದುಹೋಗುವ ಬಿರುಗಾಳಿಗಳ ಒತ್ತಡದ ವ್ಯತ್ಯಾಸ ದೊಡ್ಡದು. ದಖನ್ನಿನ ಆಕಾಶವೇ ಇದಕ್ಕೆ ತಕ್ಕ ಪ್ರಯೋಗಶಾಲೆಯಾಗಿತ್ತು.

1829ರ ಡಿಸೆಂಬರದಲ್ಲಿ ಸರಕಾರವು ಆ ಹುದ್ದೆಯನ್ನೇ ರದ್ದುಗೊಳಿಸಿತು. ಕೆಲಸ ಮಾತ್ರ ಮುಗಿದಿರಲಿಲ್ಲ. ಅದನ್ನು ಪೂರ್ತಿಗೊಳಿಸಲು ಸೈಕ್ಸರು ಇನ್ನೂ ಒಂದು ವರ್ಷಕ್ಕೆ ಮಿಕ್ಕಿ ದುಡಿದು, 1831ರ ಜನವರಿಯಲ್ಲಿ ಮುಗಿಸಿ ಸ್ವದೇಶಕ್ಕೆ ತೆರಳಿದರು. ಅವರು ಎಣಿಕೆ ನಡೆಸಿದ ಆ ಆರು ವರ್ಷಗಳಲ್ಲಿ ಚೆನ್ನಮ್ಮರಾಣಿಯು ಸೆರೆಯಾಗಿ, 1829ರ ಫೆಬ್ರವರಿ 2ರಂದು ಬೈಲಹೊಂಗಲದಲ್ಲಿ ದೇಹ ಬಿಟ್ಟಿದ್ದಳು. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದುದು ಸೈಕ್ಸರು ಕಡೆಯ ಕಾಗದ ಮುಗಿಸಿದ ತಿಂಗಳಿನಲ್ಲಿಯೇ, 1831ರ ಜನವರಿ 26ರಂದು. ಅವರ ಕಾಗದಗಳಲ್ಲಿ ಕಂದಾಯದ ಅಂಕಿಗಳಿವೆ, ಹಕ್ಕಿಗಳಿವೆ, ಪಾದರಸದ ಮಟ್ಟವಿದೆ. ಸೀಮೆಯ ಜನ ಯಾಕೆ ಖಡ್ಗ ಹಿಡಿದರೆಂಬ ಲೆಕ್ಕವು ಅಂತಹ ವರದಿಯ ಕಾಲಮುಗಳಲ್ಲಿ ಕೂಡುವಂತಹುದಾಗಿರಲಿಲ್ಲ.

1833ರಲ್ಲಿ ಕರ್ನಲ್ ಪದವಿಯೊಂದಿಗೆ ಸೈನ್ಯದಿಂದ ನಿವೃತ್ತರಾದರು. 1834ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. ಮರುವರ್ಷ ಆ ಸಂಸ್ಥೆಯ ಪತ್ರಿಕೆಯಲ್ಲಿ ದಖನ್ನಿನ ವಾಯುಮಂಡಲದ ಉಬ್ಬರವಿಳಿತ ಮತ್ತು ಹವೆಯನ್ನು ಕುರಿತ ಅವರ ದೀರ್ಘ ಪ್ರಬಂಧ ಪ್ರಕಟವಾಯಿತು. ಅದಕ್ಕೂ ಮುಂಚೆ, 1832ರಲ್ಲಿಯೇ ದಖನ್ನಿನ ಪಕ್ಷಿಗಳ ಪಟ್ಟಿಯನ್ನು ಒಪ್ಪಿಸಿದ್ದರು. ತಲೆಯ ಮೇಲೆ ಜುಟ್ಟಿರುವ, ಒಣಭೂಮಿಯ ಹೊಲಗಳಲ್ಲಿ ನೆಲದ ಬಣ್ಣಕ್ಕೆ ಬಣ್ಣ ಬೆರೆಸಿ ಓಡಾಡುವ, ಹಾಡುತ್ತ ಮೇಲಕ್ಕೇರುವ ಪುಟ್ಟ ಹಕ್ಕಿಯೊಂದಕ್ಕೆ ಇಂದಿಗೂ ಸೈಕ್ಸರ ಹೆಸರಿದೆ.

1840ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರಾದರು, 1856ರಲ್ಲಿ ಅದರ ಅಧ್ಯಕ್ಷರೂ ಆದರು, 1857ರಿಂದ ಕಡೆಯವರೆಗೆ ಅಬರ್ಡೀನ್ ನಗರದ ಪ್ರತಿನಿಧಿಯಾಗಿ ಪಾರ್ಲಿಮೆಂಟಿನಲ್ಲಿದ್ದರು. ಈ ಪದವಿಗಳಿಗಿಂತ 1850ರಲ್ಲಿ ಅವರು ಪ್ರಕಟಿಸಿದ ಇನ್ನೊಂದು ಪ್ರಬಂಧವೇ ಇಲ್ಲಿ ಮುಖ್ಯವಾದುದು. ಭಾರತದ ನಾನಾ ಎತ್ತರಗಳಲ್ಲಿ ತೆಗೆದ ಹವೆಯ ಅಳತೆಗಳನ್ನು ಅದರಲ್ಲಿ ಒಟ್ಟುಗೂಡಿಸಿದರು. ಅವುಗಳಲ್ಲಿ ಅತ್ಯಂತ ಎತ್ತರದ್ದು ನೀಲಗಿರಿಯ ದೊಡ್ಡಬೆಟ್ಟ, ಅವರ ಲೆಕ್ಕದಂತೆ ಸಮುದ್ರಮಟ್ಟದಿಂದ 8640 ಅಡಿ. ಹೆಸರಿನಲ್ಲಿಯೇ ಕನ್ನಡ ನುಡಿಯನ್ನು ಹೊತ್ತು ನಿಂತ ಬೆಟ್ಟವದು. ಬಯಲಿನ ಗಾಳಿಗೂ ಬೆಟ್ಟದ ಗಾಳಿಗೂ ಇರುವ ಅಂತರವನ್ನು ಹೋಲಿಸುವುದೆಂದರೆ ವಾಯುಮಂಡಲವನ್ನು ಅಂತಸ್ತು ಅಂತಸ್ತಾಗಿ ನೋಡಲು ಮೊದಲುಮಾಡಿದಂತೆಯೇ. ಮಳೆಯ ವಿಷಯದಲ್ಲಿ ಒಂದು ವಿಚಿತ್ರವಿದೆ. ಮಹಾಬಳೇಶ್ವರದಲ್ಲಿ ಸುರಿಯುವಷ್ಟು ಮಳೆ ಅದಕ್ಕಿಂತ ಎಷ್ಟೋ ಎತ್ತರದ ದೊಡ್ಡಬೆಟ್ಟದಲ್ಲಿ ಸುರಿಯುವುದಿಲ್ಲ. ಗಾಳಿಯ ನೀರಾವಿಯ ಬಹುಪಾಲು ನೆಲಕ್ಕೆ ಸಮೀಪದ ಪದರಿನಲ್ಲಿಯೇ ಇರುತ್ತದೆ. ಪಡುವಣ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿದಾಗ ಅದು ಕೆಳಗಿನ ಮೆಟ್ಟಿಲುಗಳಲ್ಲಿಯೇ ಸುರಿದುಬಿಡುತ್ತದೆ. ಮಲಪ್ರಭೆಯ ಹುಟ್ಟುನೆಲ ಕಣಕುಂಬಿಯಲ್ಲಿ ಜಡಿಮಳೆ, ಕಿತ್ತೂರಿನಲ್ಲಿ ಮಲೆನಾಡಿನ ಅಂಚಿನ ಮಳೆ, ಅದೇ ಹೊಳೆಯ ಜಾಡು ಹಿಡಿದು ಸವದತ್ತಿ ದಾಟಿ ರಾಮದುರ್ಗಕ್ಕೆ ಹೋದರೆ ಆಕಾಶ ನೋಡುವ ರೈತ. ಹೊಳೆಯು ಪೂರ್ವಕ್ಕೆ ನೀರು ಒಯ್ಯುತ್ತದೆ, ಮೋಡವು ಒಯ್ಯುವುದಿಲ್ಲ.

ಬೆಟ್ಟದ ತುದಿಗಿಂತ ಮೇಲೆ ಏನಿದೆ? ಅದನ್ನು ತಿಳಿಯಲು ಬಲೂನೇ ಬೇಕಾಗಿತ್ತು. ಬ್ರಿಟಿಷ್ ವಿಜ್ಞಾನ ಸಂಘವು ಇದಕ್ಕಾಗಿ ನೇಮಿಸಿದ ಬಲೂನು ಸಮಿತಿಗೆ ಕರ್ನಲ್ ಸೈಕ್ಸರೇ ಅಧ್ಯಕ್ಷರು. ಅಷ್ಟರಲ್ಲಿ ಅವರಿಗೆ ಎಪ್ಪತ್ತು ದಾಟಿತ್ತು. ಸಮಿತಿಯ ಪರವಾಗಿ ಗ್ರೀನಿಚ್ ವೇಧಶಾಲೆಯ ಜೇಮ್ಸ್ ಗ್ಲೇಷರರು, ಹೆನ್ರಿ ಕಾಕ್ಸ್‌ವೆಲ್ ಎಂಬ ಬಲೂನು ಚಾಲಕರೊಡನೆ 1862ರ ಬೇಸಿಗೆಯಿಂದ ಆಕಾಶಕ್ಕೆ ಏರತೊಡಗಿದರು. ಆ ವರ್ಷದ ಸೆಪ್ಟೆಂಬರ್ 5ರ ಏರಿಕೆಯು ಪ್ರಾಣಕ್ಕೇ ಬಂದಿತ್ತು. 29,000 ಅಡಿಗಳ ಹತ್ತಿರ, ಶೂನ್ಯಕ್ಕಿಂತ ಸುಮಾರು 20 ಸೆಂಟಿಗ್ರೇಡ್ ಡಿಗ್ರಿ ಕೆಳಗಿನ ಚಳಿಯಲ್ಲಿ, ಗ್ಲೇಷರರ ಕಣ್ಣು ಮಂಜಾಗಿ, ಕೈಗಳು ಸೋತು, ಎಚ್ಚರ ತಪ್ಪಿತು. ಬಲೂನು ಇನ್ನೂ ಏರುತ್ತಲೇ ಇತ್ತು. ಕಾಕ್ಸ್‌ವೆಲ್ಲರ ಕೈಗಳೂ ಮರಗಟ್ಟಿದ್ದವು. ಅವರು ಅನಿಲ ಬಿಡುವ ಹಗ್ಗವನ್ನು ಹಲ್ಲಿನಿಂದ ಕಚ್ಚಿ ಎಳೆದುದರಿಂದ ಇಬ್ಬರೂ ಬದುಕಿ ಬಂದರು. ಎಚ್ಚರವಾದೊಡನೆ ಗ್ಲೇಷರರು ಮತ್ತೆ ಅಂಕಿಗಳನ್ನು ಬರೆಯತೊಡಗಿದರು. ತಾವು 37,000 ಅಡಿ ಮುಟ್ಟಿರಬೇಕೆಂದು ಅವರು ಲೆಕ್ಕ ಹಾಕಿದರು. ಆ ಅಂಕಿಯನ್ನು ಅನಂತರದವರು ಒಪ್ಪಿಲ್ಲ, ಒಪ್ಪಬೇಕಾದ ಅಗತ್ಯವೂ ಇಲ್ಲ. ಎತ್ತರ ಹೋದಂತೆ ಚಳಿ ಒಂದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲವೆಂಬುದು ಆ ಏರಿಕೆಗಳಿಂದ ಸಿದ್ಧವಾಯಿತು.

ಕರ್ನಲ್ ಸೈಕ್ಸರು 1872ರ ಜೂನ್ 16ರಂದು ತೀರಿಕೊಂಡರು. ಗಾಳಿಯು ಮೇಲಕ್ಕೆ ಹೋದಷ್ಟೂ ತೆಳುವಾಗುತ್ತ ತಣ್ಣಗಾಗುತ್ತ ಶೂನ್ಯದಲ್ಲಿ ಕರಗಿಹೋಗುತ್ತದೆಂದೇ ಅವರ ಕಾಲದ ವಿದ್ವಾಂಸರ ತಿಳಿವಳಿಕೆ. ಅದು ಅರ್ಧ ಮಾತ್ರ ನಿಜ. ಪ್ಯಾರಿಸ್ಸಿನ ಸಮೀಪದ ತ್ರಾಪ್ ಎಂಬಲ್ಲಿ ಲೆಯೋನ್ ತೆಸೆರಾಂಕ್ ದ ಬೋರ್ ಎಂಬ ವಿಜ್ಞಾನಿ ಮನುಷ್ಯರಿಲ್ಲದ ಬಲೂನುಗಳಲ್ಲಿ ಮಾಪಕಗಳನ್ನು ಕಟ್ಟಿ ನೂರಾರು ಸಲ ಹಾರಿಸಿ, 1902ರಲ್ಲಿ ಒಂದು ಅಚ್ಚರಿಯನ್ನು ಹೊರಗೆಡಹಿದರು. ಸುಮಾರು 11 ಕಿಲೋಮೀಟರಿನ ಮೇಲೆ ಚಳಿ ಹೆಚ್ಚುವುದು ನಿಂತುಬಿಡುತ್ತದೆ! ಮಾಪಕಕ್ಕೆ ಬಿಸಿಲು ತಗುಲಿ ಹೀಗಾಗಿರಬಹುದೆಂಬ ಸಂಶಯದಿಂದ ಅವರು ರಾತ್ರಿಯಲ್ಲಿಯೂ ಬಲೂನುಗಳನ್ನು ಬಿಟ್ಟು ನೋಡಿದ್ದರು. ವಾಯುಮಂಡಲಕ್ಕೆ ಪದರುಗಳಿವೆಯೆಂಬುದು ಹೀಗೆ ತಿಳಿದುಬಂದಿತು.

ನೆಲಕ್ಕೆ ತಾಗಿದ ಮೊದಲನೆಯ ಪದರು ಪರಿವರ್ತನ ಮಂಡಲ. ಮೋಡ, ಮಳೆ, ಗುಡುಗು, ಆಲಿಕಲ್ಲು ಎಲ್ಲವೂ ಇಲ್ಲಿಯದೇ ಆಟ. ಬಿಸಿಲಿನಿಂದ ನೆಲ ಕಾಯುತ್ತದೆ, ನೆಲದಿಂದ ಗಾಳಿ ಕಾಯುತ್ತದೆ. ಒಲೆಯ ಮೇಲಿನ ಪಾತ್ರೆಯಂತೆ ಕೆಳಗಿನಿಂದ ಬಿಸಿಯಾಗುವುದರಿಂದ ಇಲ್ಲಿಯ ಗಾಳಿ ಸದಾ ಮೇಲೆ ಕೆಳಗೆ ಹೊರಳುತ್ತಿರುತ್ತದೆ, ಮೇಲಕ್ಕೆ ಹೋದಂತೆ ತಣ್ಣಗಾಗುತ್ತದೆ. ಧ್ರುವಗಳ ಮೇಲೆ ಇದರ ದಪ್ಪ ಎಂಟು ಒಂಬತ್ತು ಕಿಲೋಮೀಟರು, ಉಷ್ಣವಲಯದ ಈ ಸೀಮೆಯ ಮೇಲೆ 16-17 ಕಿಲೋಮೀಟರು. ವಾಯುಮಂಡಲದ ಒಟ್ಟು ಗಾಳಿಯ ತೂಕದಲ್ಲಿ ಅರ್ಧದಷ್ಟು ಮೊದಲಿನ ಐದೂವರೆ ಕಿಲೋಮೀಟರಿನಲ್ಲಿಯೇ ಅಡಗಿದೆ, ಹದಿನಾರು ಕಿಲೋಮೀಟರಿನ ಕೆಳಗೆ ನೂರಕ್ಕೆ ತೊಂಬತ್ತು ಪಾಲು. ಒಂದು ವಿಚಿತ್ರವೆಂದರೆ ಈ ಮಂಡಲದ ತುದಿಯಲ್ಲಿ ಅತಿ ಹೆಚ್ಚಿನ ಚಳಿ ಇರುವುದು ಧ್ರುವಗಳ ಮೇಲಲ್ಲ, ಉಷ್ಣವಲಯದ ಮೇಲೆ. ಅಲ್ಲಿ ಶೂನ್ಯಕ್ಕಿಂತ 75-80 ಡಿಗ್ರಿ ಕೆಳಗೆ. ಬೈಲಹೊಂಗಲದ ಚೈತ್ರದ ಬಿಸಿಲಿನಲ್ಲಿ ಬೆವರುವವನ ನೆತ್ತಿಯ ನೇರಕ್ಕೆ, ಹುಬ್ಬಳ್ಳಿ-ಧಾರವಾಡಗಳ ನಡುವಿನಷ್ಟೇ ದೂರದಲ್ಲಿ, ಇಂತಹ ಚಳಿ ಇದೆ.

ಅದರ ಮೇಲೆ ಸುಮಾರು 50 ಕಿಲೋಮೀಟರಿನವರೆಗೆ ಸಮೋಷ್ಣ ಮಂಡಲ. ಇಲ್ಲಿ ಮೇಲಕ್ಕೆ ಹೋದಂತೆ ಕಾವು ಏರುತ್ತದೆ. ಇಲ್ಲಿರುವ ಓಝೋನ್ ಅನಿಲವು ಸೂರ್ಯನ ಅತಿನೇರಳೆ ಕಿರಣಗಳನ್ನು ಹೀರಿ ಬಿಸಿಯಾಗುವುದೇ ಅದಕ್ಕೆ ಕಾರಣ. ಮೇಲಿನ ಗಾಳಿ ಬೆಚ್ಚಗೆ, ಕೆಳಗಿನದು ತಣ್ಣಗೆ ಇರುವುದರಿಂದ ಹೊರಳಾಟವಿಲ್ಲ, ಮೋಡವೂ ಇಲ್ಲವೆನ್ನಬಹುದು. ಮುಂದೆ 85 ಕಿಲೋಮೀಟರಿನವರೆಗಿನ ಮಧ್ಯಂತರ ಮಂಡಲದಲ್ಲಿ ಮತ್ತೆ ಚಳಿ, ಅಲ್ಲಿಯೇ ಉಲ್ಕೆಗಳ ಬಹುಭಾಗ ಉರಿದು ಬೂದಿಯಾಗುತ್ತದೆ. ಅದರಾಚೆಗೆ ಉಷ್ಣತಾ ಮಂಡಲ. ಹಿಂದೆ ಹಳ್ಳಿಯ ಮನೆಗಳಲ್ಲಿ ಸಂಜೆ ರೇಡಿಯೋ ಸಿಲೋನ್ ಕೇಳುತ್ತಿದ್ದವರಿಗೆ ಈ ಮಂಡಲದ ಉಪಕಾರವಿದೆ. ಅಲ್ಲಿಯ ವಿದ್ಯುದಾವೇಶದ ಪದರುಗಳು ಕಿರುತರಂಗಗಳನ್ನು ಬಾಗಿಸಿ ನೆಲಕ್ಕೆ ಮರಳಿಸುತ್ತಿದ್ದುದರಿಂದಲೇ ಕಡಲಾಚೆಯ ಹಾಡು ಇಲ್ಲಿಯ ಪಡಸಾಲೆಗೆ ಬರುತ್ತಿತ್ತು. ಕೊನೆಯದಾದ ಬಾಹ್ಯ ಮಂಡಲಕ್ಕೆ ಖಚಿತವಾದ ಗಡಿಯಿಲ್ಲ.

ಸೈಕ್ಸರ ಪಾದರಸದ ಒಗಟು ಬಿಡಿಸಲು ಈ ಪದರುಗಳೇ ಬೇಕಾದವು. ಬಿಸಿಲು ದಿನಕ್ಕೆ ಒಂದೇ ಸಲ ಬರುತ್ತದೆ, ಪಾದರಸ ಮಾತ್ರ ದಿನಕ್ಕೆ ಎರಡು ಸಲ ಏಕೆ ಏರುತ್ತದೆ? ಕಡಲಿನಂತೆ ಚಂದ್ರನ ಸೆಳೆತವೆನ್ನೋಣವೆಂದರೆ ವೇಳೆಯು ಚಂದ್ರನನ್ನು ಅನುಸರಿಸದೆ ಸೂರ್ಯನನ್ನೇ ಅನುಸರಿಸುತ್ತದೆ. 1882ರಲ್ಲಿ ಲಾರ್ಡ್ ಕೆಲ್ವಿನ್ನರು ಒಂದು ಊಹೆ ಮಾಡಿದರು. ತೂಗುಮಂಚಕ್ಕೆ ಅದರದೇ ಲಯವಿರುವಂತೆ ಇಡೀ ವಾಯುಮಂಡಲಕ್ಕೆ ಸುಮಾರು ಹನ್ನೆರಡು ಗಂಟೆಗಳ ಸ್ವಂತ ಲಯವಿರಬಹುದು, ಆ ಲಯಕ್ಕೆ ಹೊಂದುವ ಸಣ್ಣ ನೂಕೂ ದೊಡ್ಡದಾಗಿ ಕಾಣುತ್ತದೆ. ಬಹು ಸುಂದರವಾದ ಈ ಊಹೆಯನ್ನು ಅನೇಕ ದಶಕಗಳವರೆಗೆ ಪಂಡಿತರು ನೆಚ್ಚಿದರು. ಎರಡನೆಯ ಮಹಾಯುದ್ಧದ ತರುವಾಯ ರಾಕೆಟ್ಟುಗಳು ಮೇಲಿನ ಮಂಡಲಗಳ ಕಾವನ್ನು ನಿಜವಾಗಿ ಅಳೆದಾಗ ಅದು ನಿಲ್ಲಲಿಲ್ಲ. 1960ರ ದಶಕದಲ್ಲಿ ಉತ್ತರ ದೊರೆಯಿತು. ನೆಲದ ಕಾವಿಗಿಂತ ಹೆಚ್ಚಾಗಿ, ಗಾಳಿಯ ನೀರಾವಿಯೂ ಎತ್ತರದ ಓಝೋನ್ ಪದರೂ ಬಿಸಿಲನ್ನು ನೇರವಾಗಿ ಹೀರುವುದರಿಂದ ಹುಟ್ಟುವ ಅಲೆಗಳೇ ಈ ಉಬ್ಬರವಿಳಿತ. ಆ ಕಾವಿನ ಏರಿಳಿತದಲ್ಲಿ ಇಪ್ಪತ್ತನಾಲ್ಕು ಗಂಟೆಯ ಭಾಗವೂ ಇದೆ, ಹನ್ನೆರಡು ಗಂಟೆಯ ಭಾಗವೂ ಇದೆ. ಮೊದಲನೆಯದರ ಅಲೆಯ ಬಹುಪಾಲು ಹುಟ್ಟಿದ ಎತ್ತರದಲ್ಲಿಯೇ ಸಿಕ್ಕಿಕೊಳ್ಳುತ್ತದೆ, ಎರಡನೆಯದು ತಡೆಯಿಲ್ಲದೆ ನೆಲದವರೆಗೆ ಇಳಿದುಬರುತ್ತದೆ. ಗ್ಲೇಷರರ ಬಲೂನು ಮುಟ್ಟಿದ ಎತ್ತರಕ್ಕಿಂತ ಎಷ್ಟೋ ಪಟ್ಟು ಮೇಲಿನ, ತಮ್ಮ ಕಾಲದಲ್ಲಿ ಹೆಸರೂ ಇಲ್ಲದಿದ್ದ ಒಂದು ಪದರಿನ ನಾಡಿಯ ಬಡಿತವನ್ನು ಸೈಕ್ಸರು ದಖನ್ನಿನ ಡೇರೆಯಲ್ಲಿ ಕುಳಿತು ಗಾಜಿನ ಕೊಳವೆಯಲ್ಲಿ ನೋಡಿದ್ದರು.

ಹವಾಮಾನ ಇಲಾಖೆಯ ವೇಧಶಾಲೆಗಳಲ್ಲಿ ಇಂದಿಗೂ ವಾಯುಭಾರವನ್ನು ಬೆಳಿಗ್ಗೆ 8-30ಕ್ಕೂ ಸಂಜೆ 5-30ಕ್ಕೂ ಬರೆದಿಡುತ್ತಾರೆ. ಸಾಮಾನ್ಯ ದಿನಗಳಲ್ಲಿ ಸಂಜೆಯ ಅಂಕಿ ಬೆಳಗಿನದಕ್ಕಿಂತ ಒಂದೆರಡು ಮಿಲಿಮೀಟರು ಕಡಿಮೆ ಇರುತ್ತದೆ. ಶಾಲೆಯ ಪ್ರಯೋಗಾಲಯದ ಗೋಡೆಯ ಮೇಲೆ ಪಾದರಸದ ಮಾಪಕವಿದ್ದಲ್ಲಿ, ಬೆಳಗಿನ ಪ್ರಾರ್ಥನೆಯ ಅನಂತರ ಒಮ್ಮೆ, ಸಂಜೆಯ ಗಂಟೆ ಬಾರಿಸುವ ಮೊದಲು ಇನ್ನೊಮ್ಮೆ ಅದರ ಮಟ್ಟವನ್ನು ಮಕ್ಕಳೇ ನೋಡಿ ಬರೆಯಬಹುದು.